ಓಣಿಯ ಮಾತು: ನೀರು ಬರುವ ದಿನ ಸಭೆ ಕರೆಯಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಬಗ್ಗೆ, ಇಲ್ಲವೇ ರೊಕ್ಕದ ಬಗ್ಗೆ. ಬೇಸಿಗೆ ಶುರುವಾಯಿತಲ್ಲ, ಎರಡೂ ಒಟ್ಟಿಗೇ ಬಿಸಿಯಾಗುತ್ತವೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ: ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ವಿಜಯಪುರದ ಸೋಲಾಪುರ ರಸ್ತೆ ಕಡೆಯ ನಮ್ಮ ಕಾಲೊನಿಯ ಸಂಘದಲ್ಲಿ ಮೊದಲು ಖಜಾಂಚಿ ಆಗಿದ್ದೆ, ಈಗ ಅಧ್ಯಕ್ಷೆ. ಬೆಳಗಾವಿ, ಬಾಗಲಕೋಟೆಯ ಓದುಗರೂ ಬರೆದಿದ್ದಾರೆ. ಎಲ್ಲರ ಹೆಸರು ಬಿಟ್ಟಿದ್ದೇನೆ, ಓಣಿಯಲ್ಲಿ ಸುಮ್ನೆ ಮಾತು ಬೆಳೆಯಬಾರದು ಅಂತ.

ಪ್ರಶ್ನೆ: ಅಕ್ಕಾವರೇ, ನಮ್ಮದು ದೊಡ್ಡ ಬಡಾವಣೆ. ಸಭೆ ಕರೆದರೆ ಹತ್ತು ಮಂದಿಯೂ ಬರುವುದಿಲ್ಲ. ಬರುವವರೂ ಅದೇ ಹಿರಿಯ ಗಂಡಸರು. ಏನಾದರೂ ತೀರ್ಮಾನ ಮಾಡಿದರೆ ಮರುದಿನ ‘ನಮ್ಮನ್ನು ಯಾರು ಕೇಳಿದರು’ ಎಂಬ ತಕರಾರು. ಏನು ಮಾಡಬೇಕು?
– ಸಂಘದ ಕಾರ್ಯದರ್ಶಿ, ಆಶ್ರಮ ರಸ್ತೆ, ವಿಜಯಪುರ

ಕಾರ್ಯದರ್ಶಿಗಳೇ, ನಿಮ್ಮ ಓಣಿಗೆ ನೀರು ಬಿಡುವ ದಿನ ಯಾವುದು, ಎಷ್ಟು ಗಂಟೆಗೆ ಅಂತ ವಾಲ್ವ್‌ಮನ್ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಭೆಯ ದಿನವನ್ನು ಆಮೇಲೆ ಗೊತ್ತು ಮಾಡಿ. ನಳಕ್ಕೆ ದಿನಾಲೂ ನೀರು ಬಾರದ ಓಣಿಗಳಲ್ಲಿ, ನೀರು ಬಂದ ದಿನ ಮನೆಯ ಹೆಣ್ಣುಮಕ್ಕಳಿಗೆ ಬೇರೆ ಕೆಲಸ ನೆನಪಿಗೂ ಬರುವುದಿಲ್ಲ. ಬ್ಯಾರೆಲ್ ತಿಕ್ಕಬೇಕು, ಸಂಪು ತುಂಬಬೇಕು, ಅರಿವೆ ಒಗೆಯಬೇಕು. ಆ ಹೊತ್ತಿಗೆ ಸಭೆ ಇಟ್ಟು ‘ಹೆಣ್ಣುಮಕ್ಕಳು ಬರುವುದಿಲ್ಲ’ ಎಂದರೆ ನ್ಯಾಯವೇ? ಓಣಿಯ ಯಾವ ನಳಕ್ಕೆ ನೀರು ಏರುವುದಿಲ್ಲ, ಕಸದ ಗಾಡಿ ಯಾವ ಮೂಲೆಗೆ ಬರುವುದಿಲ್ಲ, ಯಾವ ಕಂಬದ ದೀಪ ಹೋಗಿದೆ ಎಂಬುದೆಲ್ಲ ಅವರಿಗೇ ಚೆನ್ನಾಗಿ ಗೊತ್ತು. ಅವರಿಲ್ಲದ ಸಭೆಯಲ್ಲಿ ಆಗುವ ತೀರ್ಮಾನ ಅರ್ಧ ತೀರ್ಮಾನ.

ಜಾಗವನ್ನೂ ನೋಡಿ. ಅಧ್ಯಕ್ಷರ ಮನೆಯ ಹಾಲ್‌ನಲ್ಲಿ ಸಭೆ ಇದ್ದರೆ ಬಾಡಿಗೆ ಮನೆಯವರು ಹಿಂಜರಿಯುತ್ತಾರೆ. ನಾವು ಬೇವಿನ ಮರದ ಕಟ್ಟೆಯ ಹತ್ತಿರ ಖುರ್ಚಿ ಹಾಕುತ್ತೇವೆ. ಹಾದು ಹೋಗುವವರೂ ನಿಂತು ಕೇಳುತ್ತಾರೆ, ಅದು ಒಳ್ಳೆಯದೇ. ನೋಟಿಸನ್ನು ವಾಟ್ಸಾಪ್‌ಗೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಓದಲು ಬಾರದ ಅಜ್ಜಿಯರಿದ್ದಾರೆ, ಕನ್ನಡ ಓದಲು ಕಷ್ಟಪಡುವವರಿದ್ದಾರೆ. ನಮ್ಮಲ್ಲಿ ಒಬ್ಬ ಹುಡುಗಿ ಅದೇ ಸುದ್ದಿಯನ್ನು ಕನ್ನಡದಲ್ಲಿ ಒಮ್ಮೆ, ದಖನಿಯಲ್ಲಿ ಒಮ್ಮೆ ಮಾತಾಡಿ ಕಳಿಸುತ್ತಾಳೆ. ಎಲ್ಲರಿಗೂ ಮುಟ್ಟುತ್ತದೆ.

ಸಭೆಯಲ್ಲಿ ಮೂರೇ ವಿಷಯ ಇಟ್ಟುಕೊಳ್ಳಿ. ಮುಗಿದ ಕೂಡಲೇ ಠರಾವು ಪುಸ್ತಕದಲ್ಲಿ ಬರೆದು, ಅಲ್ಲೇ ಗಟ್ಟಿಯಾಗಿ ಓದಿ ಸಹಿ ಹಾಕಿಸಿ. ಮನೆಗೆ ಹೋಗಿ ಬರೆದರೆ ‘ಹಾಗೆ ಹೇಳಿಯೇ ಇಲ್ಲ’ ಎಂಬ ಮಾತು ಬಂದೇ ಬರುತ್ತದೆ.

ಪ್ರಶ್ನೆ: ನೀರು ಬಿಟ್ಟಾಗ ಮೂರ್ನಾಲ್ಕು ಮನೆಯವರು ನೇರವಾಗಿ ಲೈನಿಗೇ ಮೋಟಾರ್ ಹಚ್ಚುತ್ತಾರೆ. ನಮ್ಮದು ಓಣಿಯ ಕೊನೆಯ ಮನೆ, ನಳದಲ್ಲಿ ಗಾಳಿ ಬರುತ್ತದೆ. ಜಗಳವಾಗಿ ಮಾತು ಬಿಟ್ಟಿದ್ದೇವೆ. ಹೋದ ಮಳೆಗಾಲ ನಮ್ಮ ಸಾಲಿನಲ್ಲಿ ಇಬ್ಬರು ಮಕ್ಕಳಿಗೆ ಡೆಂಗಿ ಬೇರೆ ಆಯಿತು. ಸಂಘ ಏನು ಮಾಡಬಹುದು?
– ಓದುಗಿ, ಜಲನಗರ, ವಿಜಯಪುರ

ತಂಗೀ, ನಿಮ್ಮ ಪತ್ರ ಓದಿ ಸಂಕಟವಾಯಿತು. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಲೈನಿಗೆ ಮೋಟಾರ್ ಹಚ್ಚುವುದು ಕಾನೂನು ಪ್ರಕಾರ ತಪ್ಪು. ಆದರೆ ‘ತಪ್ಪು’ ಎಂದಷ್ಟೇ ಹೇಳಿದರೆ ಯಾರೂ ಬಿಡುವುದಿಲ್ಲ. ಮೋಟಾರ್ ಹಚ್ಚಿದವರಿಗೇ ಅದರಿಂದ ಏನು ಕೇಡು ಅಂತ ಬಿಡಿಸಿ ಹೇಳಬೇಕು. ಮೋಟಾರ್ ಜಗ್ಗಿದಾಗ ಪೈಪಿನೊಳಗೆ ಒತ್ತಡ ಕಡಿಮೆಯಾಗುತ್ತದೆ. ಪೈಪಿನ ಜೋಡಣೆ ಎಲ್ಲಾದರೂ ಸೋರುತ್ತಿದ್ದರೆ, ಪಕ್ಕದಲ್ಲಿ ಗಟಾರವಿದ್ದರೆ, ಆ ಹೊಲಸು ನೀರು ಒಳಗೆ ಎಳೆದುಕೊಳ್ಳುತ್ತದೆ. ಅದು ಹೋಗುವುದು ಮೊದಲು ಅದೇ ಮೋಟಾರಿನ ಮನೆಯ ಸಂಪಿಗೆ. ನಮ್ಮ ಕಾಲೊನಿಯಲ್ಲಿ ಈ ಮಾತು ಕೇಳಿದ ಮೇಲೆ ಮೊದಲು ಮೋಟಾರ್ ಬಿಚ್ಚಿದ್ದು ಸಣ್ಣ ಕೂಸು ಇದ್ದ ಮನೆಯವರು. ಅವರನ್ನು ನೋಡಿ ಉಳಿದವರು.

ನೀರಿನ ಒತ್ತಡದ ಲೆಕ್ಕ ಈ ಊರಿಗೆ ಹೊಸದಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿ ಕಡೆಯಿಂದ, ಬೇಗಂ ತಲಾಬಿನಿಂದ ನೆಲದಡಿಯ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಒತ್ತಡ ತಗ್ಗಿಸಲು, ಕೆಸರು ತಳಕ್ಕೆ ಕೂರಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಇಂದಿಗೂ ಊರೊಳಗೆ ಕೆಲವು ನಿಂತಿವೆ. ಎಲ್ಲರಿಗೂ ಸಮನಾಗಿ ಮುಟ್ಟಬೇಕೆಂದು ಅಷ್ಟು ಯೋಚನೆ ಮಾಡಿದವರ ಊರಿನಲ್ಲಿ ಕೊನೆಯ ಮನೆಗೆ ಗಾಳಿ ಬರಬಾರದು.

ಈಗ ಮಾಡಬೇಕಾದದ್ದು. ನೀರು ಬಂದ ದಿನ ಸಂಘದ ಇಬ್ಬರು, ಒಬ್ಬರು ಹೆಣ್ಣುಮಗಳು ಇರಲಿ, ಓಣಿಯ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆ ಈ ಮೂರು ಕಡೆ ಒಂದು ಕೊಡ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆದುಕೊಳ್ಳಲಿ. ನಾಲ್ಕು ಸರದಿ ಹೀಗೆ ಬರೆದರೆ ನಿಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ಮೋಟಾರ್ ಬಿಚ್ಚಿದ ಮೇಲೂ ಕೊನೆಯ ಮನೆಗೆ ನೀರು ಏರದಿದ್ದರೆ ತೊಂದರೆ ಪೈಪಿನದ್ದು. ಆಗ ಅದೇ ಹಾಳೆಯನ್ನು ಅರ್ಜಿಗೆ ಲಗತ್ತಿಸಿ ನೀರು ಸರಬರಾಜು ಕಚೇರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ನಮಗೆ ನೀರೇ ಬರುವುದಿಲ್ಲ’ ಎಂಬ ಅರ್ಜಿ ಎಂಜಿನಿಯರ್ ಮೇಜಿನ ಮೇಲೆ ಎಷ್ಟೋ ಬಿದ್ದಿರುತ್ತವೆ. ನಿಮಿಷ ಬರೆದ ಅರ್ಜಿ ಕಡಿಮೆ.

ಡೆಂಗಿ ವಿಷಯ. ನೀರು ತಡವಾಗಿ ಬರುವ ಊರಿನಲ್ಲಿ ಜನ ನೀರು ಕೂಡಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಅದೇ, ನಿಂತ ಸ್ವಚ್ಛ ನೀರು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಎಲ್ಲ ಪಾತ್ರೆ ಖಾಲಿ ಮಾಡಿ ಒಣಗಿಸಬೇಕು. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಬ್ರಷ್ ಹಾಕಿ ತಿಕ್ಕಬೇಕು. ನಮ್ಮಲ್ಲಿ ನೀರು ಬರುವ ಹಿಂದಿನ ದಿನವೇ ಈ ಕೆಲಸ. ಹಳೇ ನೀರು ಗಿಡಕ್ಕೆ, ಪಾತ್ರೆ ಬಿಸಿಲಿಗೆ. ದೊಡ್ಡ ತೊಟ್ಟಿ ಖಾಲಿ ಮಾಡಲು ಆಗದವರು ಆರೋಗ್ಯ ಇಲಾಖೆಯವರನ್ನು ಕೇಳಿ ಗ್ಯಾಂಬೂಸಿಯಾ ಅಥವಾ ಗಪ್ಪಿ ಮೀನು ತಂದು ಬಿಡಿ. ಅವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಕೂಲರ್ ತಳ, ಫ್ರಿಡ್ಜ್ ಹಿಂದಿನ ತಟ್ಟೆ, ಮಾಳಿಗೆಯ ಮೇಲೆ ಎಸೆದ ಟೈರ್, ಹಕ್ಕಿಗೆ ಇಟ್ಟ ಬಟ್ಟಲು, ಇವನ್ನು ಮರೆಯುವವರೇ ಜಾಸ್ತಿ. ಈಡಿಸ್ ಹಗಲು ಕಚ್ಚುತ್ತದೆ, ರಾತ್ರಿ ಪರದೆ ಕಟ್ಟಿದ್ದೇವೆ ಎಂದು ನಿಶ್ಚಿಂತೆ ಬೇಡ.

ಇನ್ನೊಂದು ಮಾತು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ನೀರು ಹಿಡಿಯುವ ಏರ್ಪಾಡು ಮಾಡಿಕೊಳ್ಳಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್. 20 ಮಿ.ಮೀ.ನ ಒಂದೇ ಮಳೆಗೆ, ಸೋರಿ ಹೋಗುವುದನ್ನು ಬಿಟ್ಟರೂ 1,500 ಲೀಟರ್ ಸಿಗುತ್ತದೆ. 200 ಲೀಟರಿನ ಏಳು ಬ್ಯಾರೆಲ್ ತುಂಬಿ ಮಿಕ್ಕುತ್ತದೆ. ನಮ್ಮ ಕಡೆ ಸೆಪ್ಟೆಂಬರ್‌ನಲ್ಲೇ ಮಳೆ ಜಾಸ್ತಿ, ಅಷ್ಟರೊಳಗೆ ಪೈಪು ಕೂರಿಸಿದರೂ ಆಯಿತು. ಹಿಡಿದ ನೀರಿಗೆ ಬಿಗಿ ಮುಚ್ಚಳ ಬೇಕೇ ಬೇಕು.

ಮಾತು ಬಿಟ್ಟಿದ್ದೀರಿ ಎಂದಿರಿ. ಮೊದಲು ನೀವೇ ಮಾತಾಡಿಸಿ. ಮೋಟಾರಿನ ಸುದ್ದಿ ಎತ್ತಬೇಡಿ, ಮಕ್ಕಳ ಜ್ವರದ ಸುದ್ದಿಯಿಂದ ಶುರು ಮಾಡಿ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ ಅಲ್ವಾ?

ಪ್ರಶ್ನೆ: ನವನಗರದ ನಮ್ಮ ಸೆಕ್ಟರಿನಲ್ಲಿ ಉದ್ಯಾನಕ್ಕೆ ಬೆಂಚು ಹಾಕಿಸಲು ಪಟ್ಟಿ ಎತ್ತಿದೆವು. ಈಗ ಕೆಲವರು ಲೆಕ್ಕ ಕೇಳುತ್ತಿದ್ದಾರೆ. ಒಬ್ಬರು ‘ಸಂಘ ನೋಂದಣಿಯೇ ಆಗಿಲ್ಲ, ರೊಕ್ಕ ಹೇಗೆ ಎತ್ತಿದಿರಿ’ ಎಂದರು. ಮನಸ್ಸಿಗೆ ಬಹಳ ನೋವಾಗಿದೆ. ಬಾಡಿಗೆಯವರನ್ನೂ ಸೇರಿಸಬೇಕೇ?
– ಓದುಗರು, ನವನಗರ, ಬಾಗಲಕೋಟೆ

ಲೆಕ್ಕ ಕೇಳಿದವರ ಮೇಲೆ ಬೇಜಾರು ಬೇಡ. ಕೇಳುವುದು ಅವರ ಹಕ್ಕು, ಕೇಳದಿದ್ದರೂ ತೋರಿಸುವುದು ನಿಮ್ಮ ಕೆಲಸ. ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸಿ ಕೊಟ್ಟ ಮೇಲೆ ಗಿರಾಕಿ ಕಣ್ಣೆದುರೇ ಮತ್ತೆ ಎಣಿಸುತ್ತಿದ್ದರು. ನಾನು ಯಾವತ್ತೂ ಅದನ್ನು ಅವಮಾನ ಎಂದುಕೊಂಡಿಲ್ಲ.

ನೋಂದಣಿ ಕಷ್ಟದ ಕೆಲಸವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. 18 ವರ್ಷ ದಾಟಿದ ಏಳು ಮಂದಿ ಸಾಕು. ಸಂಘದ ಹೆಸರು, ಉದ್ದೇಶ, ನಿಯಮಾವಳಿ ಬರೆದು ಜಿಲ್ಲಾ ನೋಂದಣಾಧಿಕಾರಿಗಳಿಗೆ ಅರ್ಜಿ ಹಾಕಬೇಕು. (ಅಪಾರ್ಟ್‌ಮೆಂಟಿನವರಿಗೆ 1972ರ ಬೇರೆ ಕಾಯ್ದೆ ಇದೆ, ಅವರು ಇದನ್ನೇ ನಕಲು ಮಾಡಬೇಡಿ.) ನೋಂದಣಿ ಆದ ಮೇಲೆಯೇ ನಿಜವಾದ ಕೆಲಸ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಎಷ್ಟೋ ಸಂಘಗಳು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಇದನ್ನು ಮರೆತುಬಿಡುತ್ತವೆ.

ರೊಕ್ಕದ ವಿಷಯದಲ್ಲಿ ನಾನು ಬಹಳ ಬಿಗಿ. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ರೊಕ್ಕ ತೆಗೆಯಲು ಇಬ್ಬರ ಸಹಿ ಬೇಕು. ಆ ಇಬ್ಬರು ಒಂದೇ ಮನೆಯವರು ಆಗಬಾರದು. ಫೋನ್‌ಪೇ ಆಗಲಿ ಗೂಗಲ್‌ಪೇ ಆಗಲಿ ಖಜಾಂಚಿಯ ಸ್ವಂತ ನಂಬರಿಗೆ ಹಾಕಿಸಿಕೊಳ್ಳಬೇಡಿ, ಸಂಘದ ಖಾತೆಯ ಕ್ಯೂಆರ್ ಮಾಡಿಸಿ. ರಸೀದಿ ಪುಸ್ತಕಕ್ಕೆ ನಂಬರ್ ಇರಲಿ, ಹರಿದ ರಸೀದಿಯನ್ನೂ ಎಸೆಯದೆ ಅಡ್ಡಗೆರೆ ಹೊಡೆದು ಇಡಿ. ತಿಂಗಳಿಗೊಮ್ಮೆ ಒಂದೇ ಹಾಳೆ ಬೋರ್ಡಿಗೆ ಅಂಟಿಸಿ: ಹಿಂದಿನ ಶಿಲ್ಕು, ಬಂದದ್ದು, ಯಾರಿಗೆ ಯಾವ ಬಿಲ್ಲಿಗೆ ಕೊಟ್ಟದ್ದು, ಈಗಿನ ಶಿಲ್ಕು. ಅಷ್ಟೇ. ಆದರೆ ಯಾರು ಕೊಡಲಿಲ್ಲ ಎಂಬ ಹೆಸರುಗಳನ್ನು ಮಾತ್ರ ಬೋರ್ಡಿಗೆ ಹಾಕಬೇಡಿ. ಕೊಡಲಾಗದವರ ಮನೆಯ ಕಷ್ಟ ನಮಗೆ ಗೊತ್ತಿರುವುದಿಲ್ಲ. ಅಂಥವರು ಒಂದು ದಿನ ಗಿಡಕ್ಕೆ ನೀರು ಹಾಕಿದರೂ ಅದು ಸಂಘಕ್ಕೆ ಕೊಟ್ಟ ಹಾಗೆಯೇ.

ಬೆಂಚು ಹಾಕುವ ಮುನ್ನ ಆ ಉದ್ಯಾನ ಯಾರ ಸುಪರ್ದಿಯಲ್ಲಿದೆ ಎಂದು ಲಿಖಿತವಾಗಿ ಕೇಳಿ. ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ್ದೋ, ನಗರಾಡಳಿತದ್ದೋ ತಿಳಿಯದೆ ಹಾಕಿದರೆ ನಾಳೆ ಕಿತ್ತುಹಾಕಿದರೂ ಕೇಳುವಂತಿಲ್ಲ.

ಬಾಡಿಗೆಯವರನ್ನು ಖಂಡಿತ ಸೇರಿಸಿಕೊಳ್ಳಿ, ನಿಯಮಾವಳಿಯಲ್ಲೇ ಬರೆಯಿರಿ. ಕಸ, ನೀರು, ಕತ್ತಲು ಅವರಿಗೂ ಅಷ್ಟೇ. ನಿಮ್ಮ ಊರಿನವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಮುಳುಗಿ, ತಲೆತಲಾಂತರದ ನೆರೆಯವರು ಬೇರೆ ಬೇರೆ ಸೆಕ್ಟರಿಗೆ ಚದುರಿದರು. ಗೊತ್ತಿಲ್ಲದವರ ನಡುವೆ ಮನೆ ಮಾಡುವುದು ಹೇಗಿರುತ್ತದೆ ಎಂದು ಹಿರಿಯರನ್ನು ಕೇಳಿ. ನಿಮ್ಮಲ್ಲಿ ಹೋಳಿ ಹಬ್ಬಕ್ಕೆ ಹಲಗಿ ಮೇಳ ಕಟ್ಟುವ, ಬಣ್ಣದ ಬಂಡಿ ಹೂಡುವ ಹುಡುಗರು ಇದ್ದಾರಲ್ಲ, ಅವರಿಗೆ ಮಂದಿಯನ್ನು ಕೂಡಿಸುವುದು ಚೆನ್ನಾಗಿ ಗೊತ್ತು. ಉದ್ಯಾನದ ಕೆಲಸಕ್ಕೆ ಅವರನ್ನೇ ಮುಂದೆ ಮಾಡಿ.

ಪ್ರಶ್ನೆ: ಗಣೇಶ ಹಬ್ಬದಲ್ಲಿ ನಮ್ಮ ಓಣಿಯ ಮಂಡಳಿಯವರು ಡಾಲ್ಬಿ ಹಚ್ಚುತ್ತಾರೆ. ಮಾವನವರಿಗೆ ಹೃದಯದ ಆಪರೇಷನ್ ಆಗಿದೆ. ಈಗಿನಿಂದಲೇ ಹೆದರಿಕೆ. ಪೊಲೀಸರಿಗೆ ಹೇಳಿದರೆ ಓಣಿಯಲ್ಲಿ ಕೆಟ್ಟವರಾಗುತ್ತೇವೆ.
– ಓದುಗಿ, ಮಹಾಂತೇಶ ನಗರ, ಬೆಳಗಾವಿ

ಈಗಲೇ ಬರೆದದ್ದು ಒಳ್ಳೆಯದಾಯಿತು. ಹಬ್ಬದ ಹಿಂದಿನ ದಿನ ಹೇಳಿದರೆ ಯಾರೂ ಕೇಳುವುದಿಲ್ಲ, ಅಷ್ಟರಲ್ಲಿ ಡಾಲ್ಬಿಗೆ ಮುಂಗಡ ಕೊಟ್ಟಾಗಿರುತ್ತದೆ. ಮಂಡಳಿ ಪಟ್ಟಿ ಎತ್ತಲು ಶುರು ಮಾಡುವ ಮೊದಲೇ ಸಂಘದ ಹಿರಿಯರು ಹುಡುಗರನ್ನು ಚಹಾಕ್ಕೆ ಕರೆಯಲಿ. ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವಕ್ಕೆ ನೂರು ವರ್ಷ ದಾಟಿದ ಇತಿಹಾಸ ಇದೆ. ಡಾಲ್ಬಿ ಇಲ್ಲದ ಕಾಲದಲ್ಲೂ ಅದು ದೊಡ್ಡ ಹಬ್ಬವೇ ಆಗಿತ್ತು. ಢೋಲು, ಝಾಂಜ್, ಭಜನೆ ಇದ್ದರೆ ಓಣಿಯ ಮಕ್ಕಳಿಗೂ ಪಾಲು ಸಿಗುತ್ತದೆ.

ಕಾನೂನೂ ತಿಳಿದಿರಲಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಮನೆಗಳಿರುವ ಕಡೆ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಮಾತಿಗೆ ಬಗ್ಗದಿದ್ದರೆ ಅರ್ಜಿ ನಿಮ್ಮ ಹೆಸರಿನಲ್ಲಿ ಬೇಡ, ಸಂಘದ ಲೆಟರ್‌ಹೆಡ್‌ನಲ್ಲಿ ಹೋಗಲಿ. ಸಂಘ ಇರುವುದೇ ಒಬ್ಬ ಸೊಸೆ ಒಂಟಿಯಾಗಿ ಠಾಣೆಗೆ ಹೋಗಬಾರದು ಅಂತ.

ಪ್ರಶ್ನೆ: ಪಕ್ಕದ ಮನೆಯವರು ರಸ್ತೆ ಬದಿಯ ದೊಡ್ಡ ಬೇವಿನ ಮರ ಕಡಿಸುತ್ತೇವೆ ಎನ್ನುತ್ತಿದ್ದಾರೆ. ಎಲೆ ಬಿದ್ದು ಅಂಗಳ ಗಲೀಜಂತೆ.
– ಓದುಗರು, ಇಂಡಿ ರಸ್ತೆ, ವಿಜಯಪುರ

ಬಿಡಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಅರಣ್ಯ ಇಲಾಖೆಗೆ ಇವತ್ತೇ ಪತ್ರ ಬರೆಯಿರಿ, ಮರದ ಫೋಟೋ ಹಚ್ಚಿ. ತಂತಿಗೆ ತಾಗುವ ಕೊಂಬೆ ಇದ್ದರೆ ಹೆಸ್ಕಾಂನವರು ಸವರುತ್ತಾರೆ, 1912ಕ್ಕೆ ಫೋನ್ ಮಾಡಿ. 40 ಡಿಗ್ರಿ ದಾಟುವ ಊರಿನಲ್ಲಿ ಒಂದು ಬೆಳೆದ ಬೇವು ಎಂದರೆ ತರಕಾರಿ ಮಾರುವವರಿಗೆ, ಕಸ ಗುಡಿಸುವ ಪೌರಕಾರ್ಮಿಕರಿಗೆ ಮಧ್ಯಾಹ್ನದ ಮನೆ. ಎಲೆಯನ್ನು ಸಂಘದವರೇ ವಾರಕ್ಕೊಮ್ಮೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ ಎಂದು ನೆರೆಯವರಿಗೆ ಮಾತು ಕೊಡಿ, ಕೊಟ್ಟ ಮಾತು ನಡೆಸಿ. ಒಣ ಎಲೆಗೆ ಬೆಂಕಿ ಹಚ್ಚುವುದು ಮಾತ್ರ ಬೇಡ.

ಪ್ರಶ್ನೆ: ಬೀದಿ ನಾಯಿಗಳನ್ನು ಹಿಡಿದು ಊರ ಹೊರಗೆ ಬಿಡಬಹುದೇ?
– ಓದುಗರು, ಅನಗೋಳ, ಬೆಳಗಾವಿ

ಹಾಗೆ ನಾವೇ ಹಿಡಿದು ಬೇರೆ ಕಡೆ ಬಿಡುವಂತಿಲ್ಲ. 2023ರ ನಿಯಮದಂತೆ ಬೀದಿ ನಾಯಿಗಳಿಗೆ ಸಂತಾನಹರಣ ಆಪರೇಷನ್, ರೇಬೀಸ್ ಲಸಿಕೆ ಹಾಕಿಸುವುದು ಪಾಲಿಕೆಯ ಹೊಣೆ. ಅನ್ನ ಹಾಕುವ ಜಾಗವನ್ನು ಮಕ್ಕಳು ಆಡುವ ಕಡೆಯಿಂದ ದೂರ ಗೊತ್ತು ಮಾಡುವುದು ಸಂಘದ ಕೆಲಸ. ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೇಳಿದ ಎಲ್ಲ ಡೋಸ್ ಮುಗಿಸಿ.

ಪ್ರಶ್ನೆ: ನಾನು ಒಬ್ಬಳೇ ಇರುತ್ತೇನೆ. ಒಬ್ಬ ಮಗ ಪುಣೆ, ಇನ್ನೊಬ್ಬ ಬೆಂಗಳೂರು. ರಾತ್ರಿ ಏನಾದರೂ ಆದರೆ ಯಾರನ್ನು ಕರೆಯಲಿ? ಸಂಘದವರಿಗೆ ಹೇಳಲು ಸಂಕೋಚ.
– ಹಿರಿಯ ಓದುಗಿ, ಶಹಾಪುರ, ಬೆಳಗಾವಿ

ಅವ್ವಾ, ಸಂಕೋಚ ಬಿಡಿ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112, ಹಿರಿಯರ ಸಹಾಯವಾಣಿ 14567. ಇವನ್ನೂ, ಪಕ್ಕದ ಎರಡು ಮನೆಯ ನಂಬರನ್ನೂ ಯಾರಿಂದಲಾದರೂ ದಪ್ಪ ಅಕ್ಷರದಲ್ಲಿ ಬರೆಸಿ ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿ. ಮನೆಯ ಒಂದು ಕೀಲಿಯನ್ನು ನಂಬಿಕೆಯ ನೆರೆಮನೆಯಲ್ಲಿಡಿ. ತೆಗೆದುಕೊಳ್ಳುವ ಗುಳಿಗೆಗಳ ಚೀಟಿ ಫ್ರಿಡ್ಜ್ ಬಾಗಿಲ ಮೇಲೆ ಇರಲಿ, ಬಂದ ಡಾಕ್ಟರಿಗೆ ಬೇಕಾಗುತ್ತದೆ. ನಮ್ಮ ಕಾಲೊನಿಯಲ್ಲಿ ಒಬ್ಬರೇ ಇರುವ ಹಿರಿಯರ ಮನೆಯ ಹಾಲಿನ ಪಾಕೀಟು ಬೆಳಿಗ್ಗೆ ಎಂಟಾದರೂ ಹೊರಗೇ ಇದ್ದರೆ ಎದುರು ಮನೆಯವರು ಬಾಗಿಲು ಬಡಿಯುತ್ತಾರೆ. ನಿಮ್ಮಲ್ಲೂ ಹಾಗೇ ಮಾಡಿರಿ ಎಂದು ನಾನೇ ಹೇಳಿದೆ ಅಂತ ಈ ಪುಟವನ್ನು ನಿಮ್ಮ ಸಂಘದ ಕಾರ್ಯದರ್ಶಿಗೆ ತೋರಿಸಿ. ಏನಾಯಿತು ಎಂದು ನನಗೆ ಬರೆಯಿರಿ.